ಉಕ್ಕದ ಹಾಲು

ಜನವರಿ 28, ಮಂಗಳವಾರ. ಬೆಳಿಗ್ಗೆ 6.10

ಬೇಕರಿಗೆ ಕೊಡಲು ಮೂವತ್ತು ಕಪ್ ಅಕ್ಕಿ ಸಿಹಿ ತುಂಬಿಟ್ಟೆ. ಇವತ್ತು ಈಜಿಪ್ಟಿನವರದು — ಅಕ್ಕಿ ಹಾಲಲ್ಲೇ ಬೆಂದು, ಓವನ್ನಿನಲ್ಲಿ ಮೇಲೆ ಕಂದು ಕೆನೆ ಕಟ್ಟಿದ್ದು. ಬೇಕರಿ ಬೋರಣ್ಣ ನಿನ್ನೆ ಇರಾನಿನದಕ್ಕೆ 'ಕೇಸರಿ ಪಾಯಸ' ಎಂದು ಚೀಟಿ ಅಂಟಿಸಿದ್ದ. ಇದಕ್ಕೆ 'ಸೀದ ಪಾಯಸ' ಎಂದು ಅಂಟಿಸದಿದ್ದರೆ ಪುಣ್ಯ. ಕೇಳಿದರೆ, "ಅಕ್ಕಿ, ಹಾಲು, ಸಕ್ಕರೆ. ಯಾವ ದೇಶಕ್ಕೆ ಹೋದ್ರೂ ಪಾಯಸ ಪಾಯಸನೇ ಅಲ್ವೇನ್ರಕ್ಕಾ" ಅಂದ. ಇರಾನಿನದಕ್ಕೆ ಹಾಲೇ ಹಾಕುವುದಿಲ್ಲ, ನೀರಲ್ಲಿ ಬೇಯಿಸುವುದು ಎಂದರೆ ನಂಬುವುದಿಲ್ಲ. ಶಿವಮೊಗ್ಗ ದಾಟದವನು.

ಕುವೈತಿನಲ್ಲಿ ಹದಿನಾಲ್ಕು ವರ್ಷ ಮನೆಗೆಲಸದಲ್ಲಿ ಇದನ್ನೇ ತಿರುವಿದ್ದೇನೆ. ಮೇಡಂ ಲೆಬನಾನಿನವರು, ಅವರಿಗೆ ಕಿತ್ತಳೆ ಹೂವಿನ ನೀರು ಬೀಳಬೇಕು. ಕೆಳಮನೆ ಇರಾನಿ ಅಮ್ಮನಿಗೆ ಕೇಸರಿ, ಮೇಲೆ ಚಕ್ಕೆ ಪುಡಿಯಲ್ಲಿ ಬರೆದ ಹೆಸರು. ನನ್ನ ರೂಮಿನಲ್ಲಿದ್ದ ಫಿಲಿಪೀನ್ಸ್ ಹುಡುಗಿ ಚಾಕೊಲೇಟಿನಲ್ಲಿ ಅಕ್ಕಿ ಬೇಯಿಸಿ ಒಣಮೀನು ನೆಂಚಿಕೊಳ್ಳುತ್ತಿದ್ದಳು! ಮೊದಲ ಸಲ ಮೂಗು ಮುಚ್ಚಿಕೊಂಡೆ. ಈಗ ಆ ವಾಸನೆ ನೆನೆದರೂ ಅವಳನ್ನು ನೋಡಬೇಕು ಅನ್ನಿಸುತ್ತದೆ.

ವಾಪಸ್ ಬಂದು ಎರಡು ವರ್ಷ. ಸೂಟ್‌ಕೇಸ್ ಇನ್ನೂ ಮಂಚದ ಕೆಳಗೆ, ಅರ್ಧ ತುಂಬಿಯೇ ಇದೆ. ನ್ಯಾಮತಿಯ ಬಾಡಿಗೆ ರೂಮಿನಲ್ಲಿ ಎಲ್ಲ ತೆಗೆದು ಜೋಡಿಸಿ ಏನಾಗಬೇಕು.

ಫೆಬ್ರವರಿ 2, ಭಾನುವಾರ

ಮಗಳ ಫೋನು. ಹೊನ್ನಾಳಿಯಲ್ಲಿ ಅವಳೂ ಗಂಡ ನಿಂಗರಾಜನೂ ಕಟ್ಟಿಸುತ್ತಿದ್ದ ಮನೆ ಮುಗಿಯಿತಂತೆ. ಹತ್ತನೇ ತಾರೀಕಿಗೆ ಗೃಹಪ್ರವೇಶ.

"ಮಮ್ಮಿ, ಹಾಲು ನೀನೇ ಉಕ್ಕಿಸ್ಬೇಕು. ಅದೇ ಹಾಲಿಗೆ ಅಕ್ಕಿ ಹಾಕಿ ಹಾಲುಗ್ಗಿ ಮಾಡು. ಎಲ್ಲಾರ ಬಾಯಿಗೂ ಅದೇ ಸಿಹಿ."

"ದ್ಯಾಮಕ್ಕ ಇದಾಳಲ್ಲ ಚೈತ್ರಾ."

"ಅವ್ವನೇ ಹೇಳಿದ್ಲು, ನಿನ್ನ ಕರಿ ಅಂತ."

ಅವ್ವ ಎಂದರೆ ನನ್ನ ಅಕ್ಕ ದ್ಯಾಮಮ್ಮ. ಗಂಡ ಬಿಟ್ಟುಹೋದ ವರ್ಷ, ಒಂಬತ್ತರ ಚೈತ್ರಾಳನ್ನು ಸಾಸ್ವೆಹಳ್ಳಿಯಲ್ಲಿ ಅವಳ ಮಡಿಲಿಗೆ ಹಾಕಿ ವಿಮಾನ ಹತ್ತಿದೆ. ಸಾಕಿದವಳು ಅವ್ವ, ಫೋನಿನಲ್ಲಿದ್ದವಳು ಮಮ್ಮಿ. ನ್ಯಾಯವೇ.

ಆದರೂ ಕರೆದಳಲ್ಲ. ಹಾಲು ಉಕ್ಕಿಸಿದವಳಿಗೆ ಆ ಮನೆಯಲ್ಲಿ ಒಂದು ಜಾಗ ಇರುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ. ಖುಷಿಯಾಗಿದೆ. ಬರೆದುಬಿಡುತ್ತೇನೆ — ಬಹಳ ಖುಷಿಯಾಗಿದೆ.

ಫೆಬ್ರವರಿ 6, ಗುರುವಾರ

ಹಾಲುಗ್ಗಿ ಒಂದು ಸಲ ಮಾಡಿ ನೋಡಿದೆ. ಬೆಲ್ಲ ಕೊನೆಗೆ, ಪಾತ್ರೆ ಇಳಿಸಿದ ಮೇಲೆ. ಮೊದಲೇ ಹಾಕಿದರೆ ಹಾಲು ಒಡೆಯುತ್ತದೆ — ನಮ್ಮಮ್ಮ ಹೇಳಿಕೊಟ್ಟದ್ದು. ಪಕ್ಕದ ಮನೆ ಹಜೀರಾ ಬಟ್ಟಲು ನೆಕ್ಕಿ, "ಸಾವಂತ್ರಕ್ಕ, ಅರಬ್ಬರ ಮನೆ ಕೈ ನಮ್ಮೂರ ರುಚಿ ಮರ್ತಿಲ್ಲ ಬಿಡ್ರಿ" ಅಂದಳು.

ಮರೆಯುವುದುಂಟೇ. ಇರಾನಿ ಅಮ್ಮ ವರ್ಷಕ್ಕೊಮ್ಮೆ ಹರಕೆ ಹೊತ್ತು ಆ ಹಳದಿ ಪಾಯಸ ಅಕ್ಕಪಕ್ಕದವರಿಗೆಲ್ಲ ಹಂಚುತ್ತಿದ್ದರು. ಹೆಸರು ಕತ್ತರಿಸಿದ ಕಾಗದ ಮೇಲಿಟ್ಟು ಚಕ್ಕೆ ಪುಡಿ ಉದುರಿಸುವುದು ನನ್ನ ಕೆಲಸ. ಯಾರ್ಯಾರದೋ ಮಕ್ಕಳ ಹೆಸರು. ಒಂದು ವರ್ಷ ಒಂದು ಬಟ್ಟಲು ಉಳಿಯಿತು. ಬೆರಳಲ್ಲೇ ಕನ್ನಡದಲ್ಲಿ 'ಚೈತ್ರಾ' ಎಂದು ಬರೆದೆ. ಅಮ್ಮ ನೋಡಿ, ಇದು ಯಾವ ಹೂವು ಅಂದರು. ನಮ್ಮ ಮನೆ ಹೂವು ಅಂದೆ. ಫೋಟೋ ತೆಗೆದು ಅಕ್ಕನ ಮೊಬೈಲಿಗೆ ಕಳಿಸಿದ್ದೆ. ಉತ್ತರಕ್ಕೆ ಒಂದು ಹೆಬ್ಬೆರಳ ಚಿತ್ರ ಬಂತು, ಬೇರೇನಿಲ್ಲ.

ಫೆಬ್ರವರಿ 10, ಸೋಮವಾರ. ಸಂಜೆ 5

ಮೂರೂವರೆ ಬಸ್ಸಿಗೆ ವಾಪಸ್. ಊಟ ಮಾಡಲಿಲ್ಲ.

ಹಾಲು ಉಕ್ಕಲಿಲ್ಲ. ನನ್ನಿಂದ. ಬರೆಯಲಾರೆ.

ಫೆಬ್ರವರಿ 24, ಸೋಮವಾರ

ಹದಿನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಬೇಕರಿಗೂ ಏನೂ ಕೊಡಲಿಲ್ಲ. ಇವತ್ತು ಬರೆದು ಮುಗಿಸುತ್ತೇನೆ.

ಹೊಸ ಒಲೆ, ಹೊಸ ಪಾತ್ರೆ, ಅರಿಶಿನ ಕುಂಕುಮ. ಒಲೆ ಮುಂದೆ ನಾನು. ಸುತ್ತ ಇಪ್ಪತ್ತು ಜನ, ಹಾಲು ಪೂರ್ವಕ್ಕೆ ಉಕ್ಕುತ್ತದೋ ನೋಡಲು ಬಗ್ಗಿದ್ದಾರೆ. ಕೆನೆ ಎದ್ದಿತು. ಅಂಚಿಗೆ ಬಂತು. ಚೈತ್ರಾ ಚಪ್ಪಾಳೆಗೆ ಕೈ ಎತ್ತಿದ್ದಳು...

ಟಕ್. ಒಲೆ ಆರಿಸಿಬಿಟ್ಟೆ.

ನಾನಲ್ಲ, ಕೈ. ಹಾಲು ಸುಮ್ಮನೆ ಕೆಳಗಿಳಿಯಿತು.

ಮೇಡಂ ಮನೆಯ ಒಲೆ ಬಿಳಿ ಗಾಜಿನದು. ಮೊದಲ ವಾರ ಹಾಲು ಉಕ್ಕಿ ಸುಟ್ಟು ಹಿಡಿದಿತ್ತು. ಬ್ಲೇಡಿನಲ್ಲಿ ಕೆರೆದು ಬೆರಳು ಕೊಯ್ದುಕೊಂಡೆ. ಅವರು ಬೈಯಲಿಲ್ಲ, ಮುಗಿಯುವ ತನಕ ಪಕ್ಕದಲ್ಲಿ ನಿಂತು ನೋಡಿದರು. ಆಮೇಲೆ ಹದಿನಾಲ್ಕು ವರ್ಷ ಒಂದು ಹನಿ ಉಕ್ಕಿಸಲಿಲ್ಲ. ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದರೂ ಹಾಲಿನ ಸದ್ದಿಗೇ ಕೈ ಹೋಗುತ್ತಿತ್ತು. ಅದೊಂದು ಹೆಮ್ಮೆ ಬೇರೆ ನನಗೆ.

ಹಿಂದಿನಿಂದ ಯಾರೋ ಅಪಶಕುನ ಅಂದರು. ಅಕ್ಕ ತಕ್ಷಣ, "ಗ್ಯಾಸು ಆರೋಗೈತೆ ಕಣ್ರಮ್ಮಾ, ಅದಕ್ಯಾಕೆ ಶಕುನ" ಎಂದು ಸುಳ್ಳು ಹೇಳಿ, ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಲೆ ಹಚ್ಚಿದಳು. ಅವಳ ಕೈಯಲ್ಲಿ ಉಕ್ಕಿತು. ಎಲ್ಲರೂ ಕೂಗಿದರು. ಹಾಲುಗ್ಗಿಯನ್ನೂ ಅವಳೇ ಮಾಡಿದಳು. ನಾನು ಹಿತ್ತಲ ಬಾಗಿಲಿಂದ ಹೊರಟೆ. ಚೈತ್ರಾಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅಕ್ಕನ ಮೇಲೆ ಸಿಟ್ಟಿಲ್ಲ. ... ಸುಳ್ಳು. ಸಿಟ್ಟಿದೆ. ಮಗಳನ್ನೂ ಅವಳೇ ಕಾಪಾಡಬೇಕು, ಹಾಲನ್ನೂ ಅವಳೇ ಕಾಪಾಡಬೇಕು.

ಮಾರ್ಚ್ 6, ಗುರುವಾರ. ಸಂಜೆ 7

ಹಜೀರಾ ರೋಜಾ ಉಪವಾಸ ಬಿಟ್ಟ ಮೇಲೆ ಫಿರ್ನಿ ತಂದಳು. ನುಣ್ಣಗೆ ಅರೆದ ಅಕ್ಕಿ, ಏಲಕ್ಕಿ, ತಣ್ಣಗೆ ಗಟ್ಟಿಯಾಗಿತ್ತು. ಮೂರು ವಾರದ ಮೇಲೆ ಬಾಯಿಗೆ ಸಿಹಿ ಬಿತ್ತು. ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡರೆ ಹೊಟ್ಟೆ ಹಿಡಿದು ನಕ್ಕಳು.

"ಹದ್ನಾಕು ವರ್ಷ ಆಫ್ ಮಾಡಿದ ಕೈ ಸಾವಂತ್ರಕ್ಕ. ಒಂದಿನಕ್ಕೆ ಬಿಡು ಅಂದ್ರೆ ಬಿಡ್ತೈತಾ? ಮಗಳ ಫೋನ್ ಎತ್ತಿದ್ರಾ?"

ಎತ್ತಿಲ್ಲ. ಹನ್ನೊಂದು ಮಿಸ್ಡ್ ಕಾಲ್.

"ಹಂಗಾರೆ ಮಗಳ ಮನೆ ಬಿಟ್ಟು ಬಂದಿದ್ದು ಹಾಲಿಗಲ್ಲ, ನಿಮ್ಮ ಕೊಬ್ಬಿಗೆ" ಅಂದು ಬಟ್ಟಲು ತೆಗೆದುಕೊಂಡು ಹೋದಳು. ನನಗೆ ಹೀಗೆ ಬೈಯುವವರು ಇವಳೊಬ್ಬಳೇ ಉಳಿದಿರುವುದು.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 11.20

ಚೈತ್ರಾ ಬಂದಿದ್ದಾಳೆ. ಹೇಳದೆ ಕೇಳದೆ, ಬಸ್ಸಿಳಿದು ಸೀದಾ. ಚೀಲದಲ್ಲಿ ಎರಡು ಲೀಟರ್ ಹಾಲು, ಗೃಹಪ್ರವೇಶದ ಅದೇ ಪಾತ್ರೆ. ಕೂರಲಿಲ್ಲ. ರೂಮೆಲ್ಲ ನೋಡಿ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು.

"ಈ ಮನೆಗೆ ಬಂದಾಗ ಹಾಲು ಉಕ್ಕಿಸಿದ್ಯಾ?"

"ಇದು ಮನೆ ಏನೇ? ಬಾಡಿಗೆ ರೂಮು."

"ಎರಡು ವರ್ಷ ಆತು ಮಮ್ಮಿ. ನಿನ್ನ ಮನೇಲೇ ಹಾಲು ಉಕ್ಕಿಲ್ಲ, ನಮ್ಮನೇಲಿ ಹೆಂಗೆ ಉಕ್ಕುತ್ತೆ?"

ಅತ್ತುಬಿಟ್ಟೆ.

ಹಾಲು ಒಲೆ ಮೇಲಿಟ್ಟಳು. ನನ್ನನ್ನು ಮಂಚದ ಮೇಲೆ ಕೂರಿಸಿದಳು. ನನ್ನ ಕೈ ನನ್ನ ಮಾತು ಕೇಳುವುದಿಲ್ಲ ಅಂದೆ. ದಿಂಬಿನ ಪಕ್ಕದಿಂದ ಈ ಡೈರಿ ಎಳೆದು ಪೆನ್ನು ಹಿಡಿಸಿದಳು.

"ಕೈಗೆ ಕೆಲಸ ಕೊಡು. ಏನಾರ ಬರಿ."

ಅದಕ್ಕೇ ಬರೆಯುತ್ತಿದ್ದೇನೆ. ಅವಳು ಅಕ್ಕಿ ತೊಳೆದಳು. ಚೀಲದಿಂದ ಒಂದು ಪೊಟ್ಟಣ ತೆಗೆದಿಟ್ಟಳು — ಚಕ್ಕೆ ಪುಡಿ.

"ಹಾಲುಗ್ಗಿ ಅವತ್ತೇ ಉಂಡಿದೀನಿ. ಇವತ್ತು ಆ ಹಳದೀದು ಬೇಕು." ಮೊಬೈಲ್ ಮುಂದೆ ಹಿಡಿದಳು. ಅದೇ ಬಟ್ಟಲು, ಅದೇ ಹೆಸರು. "ಆ ಹೆಬ್ಬೆರಳು ನಾನೇ ಕಳಿಸಿದ್ದು. ಏನು ಬರೀಬೇಕೋ ಗೊತ್ತಾಗ್ಲಿಲ್ಲ."

"ಅದಕ್ಕೆ ಹಾಲು ಹಾಕಲ್ಲ ಕಣೆ."

"ಹಾಕು. ನಮ್ಮ ಮನೇದು ಹಿಂಗೇ ಇರ್ಲಿ."

ಕೆನೆ ನಡುಗುತ್ತಿದೆ. ಆ ಸದ್ದು ನನಗೆ ಗೊತ್ತು. ಎಡಗೈ ಆಗಲೇ ಮಂಚದ ಅಂಚು ಹಿಡಿದಿದೆ. ಚೈತ್ರಾ ಒಲೆ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ.

"ಕೂತ್ಕೋ ಮಮ್ಮಿ."

ಕೂತಿದ್ದೇನೆ. ಬರೆಯುತ್ತಿದ್ದೇನೆ. ಅಂಚಿಗೆ ಬಂತು. ಬರಲಿ. ಈ ಮನೆಯಲ್ಲಿ ಪೂರ್ವ ಯಾವ ಕಡೆಯೋ, ಎರಡು ವರ್ಷವಾದರೂ ನೋಡಿಲ್ಲ, ಕಿಟಕಿಯ ಕಡೆ ಇರಬೇಕು, ಹಾಲು ಆ ಕಡೆಗೇ