ಮೂವತ್ತನಾಲ್ಕು ಇಂಚಿನ ಸೊಂಟ

ಟೈಲರಿಂಗ್ ಅಂಗಡಿಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗರಾಯನಿಗೆ,

ಹೇಗಿದ್ದೀಯಪ್ಪಾ? ಬಸ್ ಡಿಪೋ ಆಫೀಸಿನ ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ ಅಂದಿದ್ಯಲ್ಲ, ಕಡಿಮೆ ಆಯ್ತಾ? ಧೂಳಿನಿಂದ ಅಂತೀಯ ನೀನು, ನಾನು ನಂಬಲ್ಲ. ನನ್ನ ಮಂಡಿನೋವು ಹಾಗೇ ಇದೆ, ಮಷೀನು ತುಳಿಯೋಕೆ ತೊಂದರೆ ಇಲ್ಲ.

ಇಲ್ಲಿ ಗಿರಾಕಿಗಳ ಕಾಟಕ್ಕೆ ತಲೆ ಚಿಟ್ಟು ಹಿಡಿದುಹೋಗಿದೆ. ದೇಶದಲ್ಲಿ ವಯಸ್ಸಿಗೆ ಬಂದವರೆಲ್ಲ ವರ್ಷವರ್ಷಕ್ಕೂ ದಪ್ಪ ಆಗ್ತಿದಾರೆ ಅಂತ ರೇಡಿಯೋದವರು ಈಗ ಕಂಡುಹಿಡಿದಿದಾರಂತೆ. ನನ್ನ ಕೇಳಿದ್ರೆ ಹತ್ತು ವರ್ಷದ ಹಿಂದೇನೇ ಹೇಳ್ತಿದ್ದೆ! ಆಗ ಒಂದೂಕಾಲು ಮೀಟರಲ್ಲಿ ಮುಗೀತಿದ್ದ ಪ್ಯಾಂಟಿಗೆ ಈಗ ಒಂದೂವರೆ ಸಾಲಲ್ಲ. ಆದ್ರೆ ಗಿರಾಕಿಗಳನ್ನ ಕೇಳಿದ್ರೆ ಯಾರೂ ದಪ್ಪ ಆಗಿಲ್ಲ ಕಣೋ! ಬಟ್ಟೆ ಕುಗ್ಗಿದೆ, ಸೋಪು ಸರಿಯಿಲ್ಲ, ಟೈಲರಮ್ಮನಿಗೆ ಕಣ್ಣು ಕಾಣಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಚೆಯಣ್ಣ ನಿನ್ನೆ ಹೊಟ್ಟೆ ಒಳಕ್ಕೆಳ್ಕೊಂಡು, ಉಸಿರು ಬಿಗಿಹಿಡಿದು ಅಳತೆ ಕೊಟ್ಟ. ಪ್ಯಾಂಟು ಹಾಕ್ಕೊಂಡ ಮೇಲೂ ಉಸಿರಾಡ್ಬೇಕಲ್ಲಣ್ಣಾ ಅಂದ್ರೆ ಮೂತಿ ಊದಿಸ್ಕೊಂಡು ಹೋದ. ಬೈಯೋದಾದ್ರೂ ಯಾರನ್ನ? ಹನ್ನೆರಡು ಗಂಟೆ ಕೂತಲ್ಲೇ ದುಡಿದು ಸುಸ್ತಾಗಿ ಬರ್ತಾರೆ, ಬೀದೀಲಿ ಕರಿದದ್ದು ಬಿಟ್ರೆ ಬೇರೇನೂ ಸಿಗಲ್ಲ. ನಡೆಯೋಣ ಅಂದ್ರೆ ರಸ್ತೇಲಿ ಕಾಲಿಡೋಕೆ ಜಾಗ ಇಲ್ಲ.

ನಿನ್ನ ಕಾಗದ ಬಂತು. ನಾಲ್ಕು ಪ್ಯಾಂಟು ಬೇಕು, "ಅಳತೆ ಅದೇ ಮೂವತ್ತನಾಲ್ಕು, ಇಪ್ಪತ್ತರಲ್ಲಿ ಎಷ್ಟಿದ್ನೋ ನಲವತ್ತರಲ್ಲೂ ಅಷ್ಟೇ" ಅಂತ ಜಂಬ ಕೊಚ್ಚಿದೀಯ. ಡಾಕ್ಟರ ಹತ್ರ ಹೋಗು ಅಂತ ಸೊಸೆ ಬಡ್ಕೊಂಡ್ರೂ ಅವಳಿಗೆ ಅದೇ ಉತ್ತರವಂತೆ. ಓದಿ ಸಿಟ್ಟು ನೆತ್ತಿಗೇರಿತು. ನಿನ್ನ ಮೇಲಲ್ಲ.

ಸೊಸೆಗೆ ನನ್ನ ನೆನಪು ಹೇಳು, ಮೊಮ್ಮಗಳಿಗೊಂದು ಮುತ್ತು ಕೊಡು. ನೂರು ಕಾಲ ಬಾಳಪ್ಪಾ.

ನಿನ್ನ
ಅಮ್ಮ

ಅಂಚೆ ಹೊರಡೋ ಹೊತ್ತಾಯ್ತು, ಬರೆದೇಬಿಡ್ತೀನಿ. ನಿನ್ನ ಸೊಂಟ ಮೂವತ್ತನಾಲ್ಕಲ್ಲ, ನಲವತ್ತೆರಡು. ನೀನು ಬಂದಾಗೆಲ್ಲ ಬೆನ್ನ ಹಿಂದೆ ನಿಂತು ಟೇಪು ಹಿಡಿದು, ಬಾಯಲ್ಲಿ ಮೂವತ್ತನಾಲ್ಕು ಅಂದೆ, ಅಗಲ ಮಾಡಿ ಹೊಲಿದೆ. ಮಗ ನೊಂದ್ಕೋಬಾರದು ಅಂತ. ನಿಮ್ಮಪ್ಪನಿಗೂ ಹೀಗೇ ಮಾಡಿದ್ದೆ. ಎದೆ ಹಿಡ್ಕೊಂಡು ಬಿದ್ದು ಪ್ರಾಣ ಬಿಟ್ಟ ದಿನವೂ ಅವರು ತಮ್ಮದು ಮೂವತ್ತಾರೇ ಅಂದ್ಕೊಂಡಿದ್ರು. ನಾನು ಪ್ಯಾಂಟು ಹೊಲಿದಿಲ್ಲ, ಹೊಲಿಯೋದೂ ಇಲ್ಲ. ಕಾಗದ ಕೈಗೆ ಸಿಕ್ಕ ದಿನವೇ ಡಾಕ್ಟರ ಹತ್ರ ಹೋಗು. ಅಮ್ಮನ್ನ ಎಷ್ಟು ಬೇಕಾದ್ರೂ ಬೈಕೋ, ಆದ್ರೆ ಹೋಗು.