ಟಿವಿಯಲ್ಲಿ ಕಾಣದ ಪ್ರಶಸ್ತಿ

ಕಾಶಕ್ಕಾ,

ನಿನ್ನ ತಮ್ಮ ಬಸು ಬರೆಯುತ್ತಿದ್ದೇನೆ. ನನ್ನ ಅಕ್ಷರ ಇನ್ನೂ ಹಾಗೇ, ಕಾಗೆ ಕಾಲು ಗುಬ್ಬಿ ಕಾಲು. ಬೈದುಕೊಂಡೇ ಓದು. ಸುದ್ದಿ ಅಂಥದ್ದಿದೆ.

ಆ ಮಧ್ಯಾಹ್ನ ನೆನಪಿದೆಯಾ? ಧನಕವಡಿಯ ನಮ್ಮ ಅಡುಗೆಮನೆಯಲ್ಲಿ ನೀನು ಹಾಸ್ಟೆಲ್ ಹುಡುಗರ ಡಬ್ಬಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಿನ್ನ ಮಗಳು ಶೈಲಾ, ಬ್ಯಾಂಕಿನ ಪರೀಕ್ಷೆ ಬಿಟ್ಟು ಸಿನಿಮಾಕ್ಕೆ ಸಪ್ಪಳ ಸೇರಿಸುವ ವಿದ್ಯೆ ಕಲಿಯಲು ಹೋದವಳು, ತುಪ್ಪಳದ ಟೊಪ್ಪಿಗೆ ಹಾಕಿದ ಮೈಕೊಂದನ್ನು ತಂದು ನಿನ್ನ ಹಲಗೆಯ ಹತ್ತಿರ ಹಿಡಿದಳು.

"ಏನವಾ ಅದು, ಸತ್ತ ಬೆಕ್ಕಿನಂಗ ಅದ! ಹಿಟ್ಟಿನ ಹತ್ರ ತರಬ್ಯಾಡ."

"ಮೈಕ್ ಅವ್ವಾ. ನೀ ಸುಮ್ಮನ ಬಡಿ, ಮಾತಾಡಬ್ಯಾಡ."

"ನನ್ನ ಮನ್ಯಾಗ ನನಗ ಮಾತಾಡಬ್ಯಾಡ ಅಂತಾಳ, ನೋಡೋ ಬಸ್ಯಾ!"

ಬೈದರೂ ನಿನ್ನ ಕೈ ನಿಲ್ಲಲಿಲ್ಲ. ಮೂರು ಬಡಿತ, ಒಂದು ತಿರುವು, ತಿರುವಿಗೊಮ್ಮೆ ಗಾಜಿನ ಬಳೆಯ ಕಿಣಿ...

ಅವತ್ತೇ ಸಂಜೆ ನನ್ನನ್ನು ಹಿಡಿದು ಕೂರಿಸಿದೆ. "ಎಲ್ಲಾರ ಮಕ್ಕಳ ಕೆಲಸಾನೂ ಕಣ್ಣಿಗೆ ಕಾಣಸ್ತದ. ಈಕೀದು ಏನು ಕಾಣಸ್ತದ? ನಾಲ್ಕು ಮಂದಿ ಕೇಳಿದ್ರ ಏನಂತ ಹೇಳಲಿ?" ನಾನು ಸೋದರಮಾವ, ಎದೆ ತಟ್ಟಿಕೊಂಡು ಅಂದೆ: "ಹುಡುಗಿ ಜವಾಬ್ದಾರಿ ನಂದು. ನಾಲ್ಕು ಮಂದಿಗೆ ಹೇಳೂವಂಥಾ ಸುದ್ದಿ ನಾ ತಂದುಕೊಡ್ತೀನಿ." ನೀ ನಕ್ಕೆ. ನಾನು ತರುವ ಮೊದಲೇ ನೀನು... ಇರಲಿ.

ಹೋದ ಶನಿವಾರ ಮುಂಬಯಿಯಲ್ಲಿ ಹಿಂದಿ ಸಿನಿಮಾದವರ ವರ್ಷದ ಪ್ರಶಸ್ತಿ ಸಮಾರಂಭ ಇತ್ತು. ಸಪ್ಪಳದ ಪ್ರಶಸ್ತಿಗೆ ಆರಿಸಿದ್ದ ಐದು ಹೆಸರಲ್ಲಿ ನಮ್ಮ ಶೈಲಾಂದೂ ಒಂದು! ಆರು ಹೊಡೆಯುವ ಮೊದಲೇ ನಿನ್ನ ಜೊತೆ ರೊಟ್ಟಿ ಬಡಿಯುತ್ತಿದ್ದ ಗಂಗವ್ವ, ಉಳಿದ ಹೆಣ್ಣುಮಕ್ಕಳು, ಎದುರು ಮನೆಯ ಮರಾಠಿ ವಹಿನಿ, ಎಲ್ಲರೂ ಟಿವಿ ಮುಂದೆ. ನಾನು ಹಿರಿಯನ ಗತ್ತಿನಲ್ಲಿ ಅಪ್ಪಣೆ ಕೊಟ್ಟೆ: "ಎಲ್ಲಾರೂ ಫೋನ್ ಬಂದ್ ಮಾಡ್ರಿ. ಹೆಸರು ಕರ್ಯೂಮುಂದ ಒಂದೂ ಫೋನ್ ಬಡಕೋಬಾರದು." ನನ್ನದನ್ನೂ ಬಂದ್ ಮಾಡಿ ದೇವರ ಮುಂದಿಟ್ಟೆ.

ನಟರು ಬಂದರು, ನಟಿಯರು ಬಂದರು, ಕುಣಿತದ ಮೇಲೆ ಕುಣಿತ. ಸಪ್ಪಳದ ಸುದ್ದಿಯೇ ಇಲ್ಲ! ಕಡೆಗೆ ಎಲ್ಲರಿಗೂ ಕೈ ಮುಗಿದು ಕಾರ್ಯಕ್ರಮ ಮುಗಿಸಿಯೇಬಿಟ್ಟರು. ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡ್ರಿ ಅಣ್ಣಾ, ಐದರಾಗ ಹೆಸರು ಬಂದದ್ದೇ ಭಾಳ ಆತು." ಗೆದ್ದರೆ ಹಂಚಲು ತಂದಿಟ್ಟಿದ್ದ ಪೇಢೆಯ ಡಬ್ಬಿಯನ್ನು ಕಪಾಟಿನೊಳಗೆ ತಳ್ಳಿದೆ. ಹಾರ ಹಾಕಿದ ನಿನ್ನ ಫೋಟೋದ ಕಡೆ ನೋಡಲಾಗಲಿಲ್ಲ ಅಕ್ಕಾ. ನಿನಗೆ ಕೊಟ್ಟ ಮಾತು ಹಾಗೇ ಬಾಕಿ ಉಳಿದಿತ್ತು.

ಹುಡುಗಿಗೆ ಸಮಾಧಾನ ಹೇಳೋಣವೆಂದು ಫೋನ್ ಚಾಲೂ ಮಾಡಿದೆನೋ ಇಲ್ಲವೋ, ಅದೇ ಬಡಕೊಂಡಿತು.

"ಎಲ್ಲಿ ಹೋಗಿದ್ದಿ ಮಾಮಾ? ಒಬ್ಬರದೂ ಫೋನ್ ಹತ್ತವಲ್ದು!"

"ಟಿವಿ ನೋಡ್ಕೋತ ಕೂತಿದ್ವಿ ಅವ್ವಿ. ಇರ್ಲಿ, ಮುಂದಿನ ವರ್ಷ..."

"ಎಂಥಾ ಮುಂದಿನ ವರ್ಷ? ನಾ ಗೆದ್ದೆ! ಸಪ್ಪಳದವರಿಗೆ, ಸಂಕಲನದವರಿಗೆಲ್ಲಾ ಟಿವಿ ಚಾಲೂ ಆಗೂಕಿಂತ ಮೊದಲೇ ಕೊಟ್ಟುಬಿಡ್ತಾರ ಮಾಮಾ. ನಮ್ಮನ್ನ ತೋರಸೂದಿಲ್ಲ!"

ಅಕ್ಕಾ, ನಮ್ಮ ಮನೆಯಲ್ಲಿ ಎದ್ದ ಕೂಗು ಕಾತ್ರಜ್ ಘಾಟಿನ ತನಕ ಕೇಳಿರಬೇಕು! ವಹಿನಿ ನನ್ನ ಬಾಯಿಗೇ ಪೇಢೆ ತುರುಕಿದಳು. ಗಂಗವ್ವ ನನಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಫೋನ್ ಬಂದ್ ಮಾಡಿಸಿದ ಜಾಣ ನಾನೇ ತಾನೆ?

ಮರುದಿನ ಶೈಲಾ ತನ್ನ ಗೆಳತಿ ತೆಗೆದ ವಿಡಿಯೋ ಕಳಿಸಿದಳು. ಆ ಸಿನಿಮಾದಲ್ಲಿ ತಾಯಿಯನ್ನು ಒಮ್ಮೆಯೂ ತೋರಿಸುವುದಿಲ್ಲವಂತೆ. ಒಳಮನೆಯಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ ಬರುತ್ತದೆ, ಅಷ್ಟೇ. ಹೆಸರು ಕರೆಯುವ ಮುಂಚೆ ಸಭಾಂಗಣದ ದೀಪ ಆರಿಸಿ ಅದನ್ನೇ ಕೇಳಿಸಿದರು. ಮೂರು ಬಡಿತ, ಒಂದು ತಿರುವು, ಬಳೆಯ ಕಿಣಿ. ನಿನ್ನ ಕೈ ಅಕ್ಕಾ! ಅಷ್ಟು ದೊಡ್ಡ ದೊಡ್ಡ ಮಂದಿ ಕತ್ತಲಲ್ಲಿ ನಿನ್ನ ಕೈ ಕೇಳುತ್ತ ಕೂತಿದ್ದರು. ಶೈಲಾ ಹಿಂದಿಯಲ್ಲಿ ಎಲ್ಲರಿಗೂ ವಂದನೆ ಹೇಳಿ, ಕಡೆಗೆ ಕನ್ನಡದಲ್ಲಿ ಒಂದೇ ಮಾತು ಅಂದಳು: "ಅವ್ವಾ, ಇದು ನಿನ್ನ ಕೈಯಿಂದ ಬಂತು."

ನಾಲ್ಕು ಮಂದಿಗೆ ಏನಂತ ಹೇಳಲಿ ಅಂದಿದ್ದೆಯಲ್ಲ? ಹಾಲಿನವನಿಗೆ ಹೇಳಿದೆ, ಬಾರಾಮತಿಯ ಬೀಗರಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಕೇಳದಿದ್ದರೂ ಹೇಳಿದೆ. ನಾಳೆ ಎಲ್ಲರನ್ನೂ ಆ ಸಿನಿಮಾಕ್ಕೆ ಕರೆದೊಯ್ಯುತ್ತೇನೆ. ಮುಗಿದ ಮೇಲೆ ಬರುವ ಹೆಸರುಗಳಲ್ಲಿ ನಿನ್ನದೂ ಇದೆಯಂತೆ. ಅದು ಬರುವ ತನಕ ಒಬ್ಬರನ್ನೂ ಏಳಗೊಡುವುದಿಲ್ಲ.

ಇಷ್ಟು ವರ್ಷದಲ್ಲಿ ದೀಪಾವಳಿಗೂ ಮುಚ್ಚದ ನಿನ್ನ ರೊಟ್ಟಿಮನೆಯ ಬಾಗಿಲಿಗೆ ಈಗಷ್ಟೇ ಹಲಗೆ ತೂಗುಹಾಕಿ ಬಂದೆ. ಮರಾಠಿಯಲ್ಲೂ ಬರೆದಿದ್ದೇನೆ, ಕನ್ನಡದಲ್ಲೂ: "ನಾಳೆ ರೊಟ್ಟಿ ಇಲ್ಲ. ಕಾಶಕ್ಕನ್ನ ಕೇಳಲಿಕ್ಕೆ ಹೊಂಟೀವಿ."

ನಿನ್ನ
ಬಸ್ಯಾ