ತಗಡಿನವನ ಕಿರ್‌ಕಿರ್

ಭಾನುವಾರ, ಬೆಳಿಗ್ಗೆ

ತಲೆಹರಟೆ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಬಲಗಣ್ಣಿನ ಪೊರೆ ತೆಗೆದರು. ಚೆನ್ನಾಗಿದ್ದೇನೆ. ಇನ್ನು ನಿಮ್ಮ ಕಂಪನಿಯ ಮುಖ್ಯಸ್ಥರ ಜೊತೆಗಿನ ಜಗಳದ ವಿಷಯ.

ನೀನು ರೂಪಿಸಿದ, ಮಾತ್ರೆ ಹಂಚುವ ರೋಬೋಟನ್ನು ನಮ್ಮ ವಾರ್ಡಿನಲ್ಲೇ ಪರೀಕ್ಷೆಗೆ ಬಿಟ್ಟಿದ್ದರು. ನೀನು ಬರೆದದ್ದು ನಿಜ. ನಾನು ಚಿಕ್ಕಂದಿನಿಂದ ಜೋಪಾನ ಮಾಡಿದ ತಗಡಿನ ರೋಬೋಟ್ ಗೊಂಬೆ ನೋಡಿ ನೀನು ಕೊಟ್ಟಿದ್ದ ಚೌಕ ತಲೆ, ದುಂಡು ದೀಪದ ಕಣ್ಣು ಹಾಗೇ ಇವೆ. ನಡೆಯುವಾಗಿನ ಕಿರ್‌ಕಿರ್ ಸದ್ದನ್ನು ಮಾತ್ರ ನಿಮ್ಮ ಮುಖ್ಯಸ್ಥರು ಕಿತ್ತುಹಾಕಿದ್ದಾರೆ. ಸದ್ದಿಲ್ಲದಿರುವುದೇ ಪ್ರಗತಿಯಂತೆ! ಹಿಂದೆ ಬಸ್ಸುಗಳ ಗಂಟೆ ತೆಗೆದಾಗಲೂ ಇದನ್ನೇ ಹೇಳಿದ್ದರು. ಆಗ ಪತ್ರಿಕೆಗೆ ಬರೆದೆ, ಅಚ್ಚೂ ಆಯಿತು. ಯಾರೂ ಓದಲಿಲ್ಲ.

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರೇ ಹೆಚ್ಚಿರುವ ವಾರ್ಡಿಗೆ ಸದ್ದಿಲ್ಲದ ಯಂತ್ರ! ಪಕ್ಕದ ಮಂಚದ ದರ್ಜಿ ನೀರಿಗೆ ಕೈ ಚಾಚಿದ, ತಣ್ಣನೆಯ ಲೋಹ ತಗುಲಿತು, ಲೋಟದ ನೀರೆಲ್ಲ ನನ್ನ ಮೈಮೇಲೆ. "ಬೆಕ್ಕಿನ ಥರ ಬಂದು ನಿಲ್ಲುತ್ತಲ್ರೀ! ಮಾತ್ರೆ ಕೊಡೋಕೆ ಬಂತೋ, ಜೀವ ತೆಗೆಯೋಕೆ ಬಂತೋ?" ಎಂದ. "ಸುಮ್ನಿರಿ, ನನಗೇ ಎರಡು ಸಲ ಡಿಕ್ಕಿ ಹೊಡೆದಿದೆ" ಎಂದರು ನರ್ಸಮ್ಮ.

ಶುಕ್ರವಾರ ನಿಮ್ಮ ಮುಖ್ಯಸ್ಥರು ಬಂದರು. ಅವರು ಒಪ್ಪಿದರೆ ಊರಿನ ಆಸ್ಪತ್ರೆಗಳಿಗೆಲ್ಲ ಈ ಮೂಕಯಂತ್ರವೇ ಖಾಯಂ. ನಾನು ವಾದ ಮಾಡಲಿಲ್ಲ, ನಂಬು. ಚೀಲದಿಂದ ತಗಡಿನವನನ್ನು ತೆಗೆದು, ಕೀಲಿ ತಿರುಗಿಸಿ ನೆಲಕ್ಕೆ ಬಿಟ್ಟೆ. ಕಿರ್‌ಕಿರ್ ಎನ್ನುತ್ತ ಹೊರಟ. ಪಟ್ಟಿ ಕಟ್ಟಿದ ಮುಖಗಳೆಲ್ಲ ಅವನ ಜೊತೆಜೊತೆಗೇ ತಿರುಗಿದವು. ದರ್ಜಿ ಬಗ್ಗಿ, ಒಂದಿಷ್ಟೂ ತಡಕಾಡದೆ, ಅವನನ್ನು ಎತ್ತಿಕೊಂಡ. "ಇವನು ನೋಡ್ರೀ ಮರ್ಯಾದಸ್ಥ. ಬರ್ತಿದೀನಿ ಅಂತ ಹೇಳಿ ಬರ್ತಾನೆ!"

ಮುಖ್ಯಸ್ಥರು ಗೊಂಬೆಯನ್ನು ಕೇಳಿ ಪಡೆದು, ತಾವೇ ಕೀಲಿ ಕೊಟ್ಟು, ಕಣ್ಣು ಮುಚ್ಚಿ ನಿಂತು ಆಲಿಸಿದರು. ಹೋಗುವಾಗ, "ಈ ಯಂತ್ರ ಮಾಡಿದ ಹುಡುಗಿ ಸದ್ದು ಬೇಕು ಅಂತ ಮೊದಲೇ ಹೇಳಿದ್ದಳು, ನಾನೇ ನಕ್ಕುಬಿಟ್ಟೆ" ಎಂದು ನರ್ಸಮ್ಮನ ಹತ್ತಿರ ಹೇಳಿದರಂತೆ. ನಾಳೆ ನಿನ್ನನ್ನು ಕರೆಸುತ್ತಾರಂತೆ. ಸದ್ದು ಮರಳಿ ಬರುತ್ತದೆ. ತುಂಬ ಬೀಗಬೇಡ. ಸ್ವಲ್ಪ ಬೀಗು.

ನಿನ್ನ ಒಂಟಿಗಣ್ಣಿನ,
ಮಾವ

ತಾ.ಕ.: ಕಣ್ಣಿಗೆ ಅವಸರವಿಲ್ಲ, ಮುಂದಿನ ವರ್ಷ ನೋಡೋಣ ಎಂದೇ ವೈದ್ಯರು ಹೇಳಿದ್ದರು. ಪರೀಕ್ಷೆ ನಡೆಯುವ ವಾರವೇ, ಆ ವಾರ್ಡಿನಲ್ಲೇ ಆಗಬೇಕೆಂದು ಹಟ ಹಿಡಿದವನು ನಾನು. ಇದು ನಿನ್ನ ಅಮ್ಮನ ಕಿವಿಗೆ ಬಿದ್ದರೆ ನನ್ನ ಇನ್ನೊಂದು ಕಣ್ಣಿಗೂ ಪಟ್ಟಿ ಗ್ಯಾರಂಟಿ.